ಮನೆಯಲ್ಲಿ ಟೆಸ್ಟ್ ರನ್ನರ್ ಇಟ್ಟ ಮೇಲೆ ಬಿಲ್ 208 ಯೂನಿಟ್, ಕರೆಂಟ್ ಎಲ್ಲಿ ಹೋಗುತ್ತಿದೆ?

ಟಿಳಕವಾಡಿ_ಟೆಸ್ಟರ್:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಐದು ಜನರ ಸಣ್ಣ ತಂಡ. ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಕಾಟಾದ ಮೇಲೆ ಕಬ್ಬಿನ ತೂಕ, ಕಟಾವು ಮತ್ತು ಸಾಗಣೆ ಖರ್ಚು ಕಳೆಯುವುದು, ಕೊನೆಗೆ ರೈತರ ಬಿಲ್, ಇಷ್ಟು. ಸಾಫ್ಟ್‌ವೇರ್ ಸರಿ ಇದೆಯಾ ಅಂತ ತಾನೇ ಪರೀಕ್ಷಿಸುವ ಟೆಸ್ಟ್ ಬರೆಯುವುದು, ಅವು ಸರಿಯಾಗಿ ಓಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು 1,400 ಟೆಸ್ಟ್ ಇವೆ. ಅದರಲ್ಲಿ 260 ಬ್ರೌಸರ್ ತೆರೆದು ಕ್ಲಿಕ್ ಮಾಡಿ ನೋಡುವಂಥವು. ಯಾರಾದರೂ ಕೋಡ್ ಪುಶ್ ಮಾಡಿದರೆ, ಅಂದರೆ ಬದಲಾಯಿಸಿದ ಕೋಡನ್ನು ತಂಡದ ಸರ್ವರ್‌ಗೆ ಕಳಿಸಿದರೆ ಸಾಕು, ಎಲ್ಲವೂ ಓಡುತ್ತವೆ. ಒಂದು ಸಲಕ್ಕೆ 40 ನಿಮಿಷ. ದಿನಕ್ಕೆ ಹೆಚ್ಚುಕಡಿಮೆ 14 ಸಲ. ಇದಲ್ಲದೆ ರಾತ್ರಿ 2 ಗಂಟೆಗೆ ಮೂರು ಬ್ರೌಸರ್‌ನಲ್ಲೂ ಮತ್ತೊಮ್ಮೆ ಪೂರ್ತಿ ಓಡುತ್ತದೆ, ಅದಕ್ಕೆ ಎರಡು ತಾಸು ಬೇಕು.

ಮೊದಲು ಇದೆಲ್ಲ ಕ್ಲೌಡ್‌ನಲ್ಲಿ ಓಡುತ್ತಿತ್ತು. ತಿಂಗಳಿಗೆ 2,000 ನಿಮಿಷ ಉಚಿತ ಇತ್ತು, ನಮಗೆ ಅದು ನಾಲ್ಕು ದಿನಕ್ಕೂ ಸಾಲುತ್ತಿರಲಿಲ್ಲ. ಅದಕ್ಕೆ ಆಫೀಸಿನ ಹಳೆಯ ಡೆಸ್ಕ್‌ಟಾಪ್ ಒಂದನ್ನು ರನ್ನರ್, ಅಂದರೆ ಟೆಸ್ಟ್ ಓಡಿಸುವ ಯಂತ್ರ, ಮಾಡಿದೆವು. ಆಫೀಸ್ ಇರುವ ಕಟ್ಟಡದಲ್ಲಿ ರಾತ್ರಿ ಮೇನ್ ಸ್ವಿಚ್ ತೆಗೆದುಬಿಡುತ್ತಾರೆ. ರಾತ್ರಿಯ ರನ್ ತಪ್ಪಬಾರದು ಅಂತ ನಾನೇ ಆ ಡೆಸ್ಕ್‌ಟಾಪನ್ನು ನಮ್ಮ ಮನೆಗೆ ತಂದಿಟ್ಟೆ.

ಮೊನ್ನೆ ಅಪ್ಪ ಹೆಸ್ಕಾಂ ಬಿಲ್ ಹಿಡಿದುಕೊಂಡು ಬಂದರು. ಯಾವಾಗಲೂ 150ರ ಆಸುಪಾಸು ಇರುತ್ತಿದ್ದದ್ದು 208 ಆಗಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ನಿಮಗೆ ಗೊತ್ತಿರುವುದೇ. ಅಪ್ಪ ಬೈಯಲಿಲ್ಲ. "ಆ ಡಬ್ಬಿ ಇಡೀ ರಾತ್ರಿ ಏನು ಮಾಡುತ್ತದೆ?" ಅಂತ ಕೇಳಿದರು, ಅಷ್ಟೇ. ನನಗೆ ಉತ್ತರ ಹೇಳಲು ಆಗಲಿಲ್ಲ. ಅದೇ ಬಹಳ ಬೇಜಾರಾಯಿತು. ಏಳು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೇನೆ. ಎಷ್ಟು ಬಗ್ ಸಿಕ್ಕಿತು, ಎಷ್ಟು ಸಮಯ ಹಿಡಿಯಿತು ಅಂತ ಲೆಕ್ಕ ಇಟ್ಟಿದ್ದೇನೆ, ಎಷ್ಟು ಕರೆಂಟ್ ಅಂತ ಒಂದು ದಿನವೂ ಯೋಚಿಸಿಲ್ಲ.

ನನ್ನ ಪ್ರಶ್ನೆ ಎರಡು. ಟೆಸ್ಟ್ ಓಡುವಾಗ ಹೋಗುವ ಕರೆಂಟನ್ನು ಅಳೆಯುವುದು ಹೇಗೆ? ಟೆಸ್ಟ್ ತೆಗೆದುಹಾಕದೆ ಅದನ್ನು ಕಡಿಮೆ ಮಾಡಬಹುದಾ? ನಮ್ಮ ಲೀಡ್ ಒಂದೂ ಟೆಸ್ಟ್ ತೆಗೆಯಬೇಡ ಅನ್ನುತ್ತಾರೆ, ನನಗೂ ತೆಗೆಯಲು ಮನಸ್ಸಿಲ್ಲ. ಕಳೆದ ಹಂಗಾಮಿನಲ್ಲಿ ಸಾಗಣೆ ಖರ್ಚು ಎರಡು ಸಲ ಕಳೆಯುತ್ತಿದ್ದ ತಪ್ಪನ್ನು ಹಿಡಿದದ್ದು ಇವೇ ಟೆಸ್ಟ್‌ಗಳು.

ವಿಜಯಪುರ_ಲಿನಕ್ಸ್:

ಮೊದಲು ಅಳತೆ ವಿಷಯ ಹೇಳುತ್ತೇನೆ. ಅಳೆಯದೆ ಏನು ಬದಲಾಯಿಸಿದರೂ ಸುಮ್ನೆ ಊಹೆ ಆಗುತ್ತದೆ.

ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿಗೂ ನಡುವೆ ಹಾಕುವ ಪ್ಲಗ್ ಮೀಟರ್ ಸಿಗುತ್ತದೆ. ಅದೊಂದು ತಂದು ಹಾಕಿ. ಪವರ್ ಸಪ್ಲೈ, ಫ್ಯಾನ್, ಡಿಸ್ಕ್ ಎಲ್ಲ ಸೇರಿಸಿ ಅದು ತೋರಿಸುವ ವ್ಯಾಟೇ ನಿಮ್ಮ ಅಪ್ಪನ ಬಿಲ್ಲಿಗೆ ಬರುವುದು. ಎರಡು ಸಂಖ್ಯೆ ಬರೆದುಕೊಳ್ಳಿ. ಟೆಸ್ಟ್ ಓಡುವಾಗ ಎಷ್ಟು, ಸುಮ್ಮನೆ ಕೂತಾಗ ಎಷ್ಟು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಯಾವ ಟೆಸ್ಟ್ ಜಾಸ್ತಿ ತಿನ್ನುತ್ತದೆ ಅಂತ ಪ್ಲಗ್ ಮೀಟರ್ ಹೇಳುವುದಿಲ್ಲ. ಅದಕ್ಕೆ ಪ್ರೊಸೆಸರ್ ಒಳಗಿನ ಲೆಕ್ಕ ನೋಡಬೇಕು. ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಿಂದ ಆರ್‌ಎಪಿಎಲ್ ಅನ್ನುವ, ಪ್ರೊಸೆಸರ್ ತಿನ್ನುವ ಕರೆಂಟಿನ ಲೆಕ್ಕ ಇಡುವ ವ್ಯವಸ್ಥೆ ಕೊಟ್ಟಿದೆ. ಲಿನಕ್ಸ್‌ನಲ್ಲಿ ಪವರ್‌ಕ್ಯಾಪ್ ಫೋಲ್ಡರ್‌ನಲ್ಲಿ ಅದರ ಸಂಖ್ಯೆ ಮೈಕ್ರೋಜೌಲ್‌ನಲ್ಲಿ ಸಿಗುತ್ತದೆ, ಇಲ್ಲವೇ ಪರ್ಫ್ ಸಾಧನದಿಂದ ನೇರವಾಗಿ ಓದಬಹುದು. ರೂಟ್ (ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಿ ಓದಬೇಕು. 2020ರಲ್ಲಿ ಈ ಸಂಖ್ಯೆಯನ್ನೇ ನೋಡಿಕೊಂಡು ಗುಟ್ಟಿನ ಕೀಲಿ ಕದಿಯುವ ಪ್ಲಾಟಿಪಸ್ ಎಂಬ ದಾಳಿ ಹೊರಬಿತ್ತು, ಆಮೇಲೆ ಸಾಮಾನ್ಯ ಬಳಕೆದಾರರಿಗೆ ಮುಚ್ಚಿದರು.

ಇಲ್ಲಿ ಒಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಆ ಲೆಕ್ಕ ತುಂಬಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನನ್ನ ಯಂತ್ರದಲ್ಲಿ ಸುಮಾರು 2,62,000 ಜೌಲ್‌ಗೆ ತುಂಬುತ್ತದೆ. ಪ್ರೊಸೆಸರ್ 65 ವ್ಯಾಟ್ ತಿನ್ನುತ್ತಿದ್ದರೆ ಒಂದು ತಾಸು ಏಳು ನಿಮಿಷಕ್ಕೆ ತುಂಬಿತು. ನಿಮ್ಮ ಎರಡು ತಾಸಿನ ರನ್ನಿಗೆ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಓದಿ ಕಳೆದರೆ ತಪ್ಪು ಉತ್ತರ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದಿ ಕೂಡಿಸಿ. 36 ಲಕ್ಷ ಜೌಲ್ ಸೇರಿದರೆ ಒಂದು ಯೂನಿಟ್.

ನೀವು ಕೊಟ್ಟ ಅಂಕಿ ಮೇಲೆ ಅಂದಾಜು ಹಾಕಿದೆ. ಹಳೆಯ ಡೆಸ್ಕ್‌ಟಾಪ್ ಓಡುವಾಗ 120 ವ್ಯಾಟ್, ಸುಮ್ಮನಿದ್ದಾಗ 45 ವ್ಯಾಟ್ ಅಂದುಕೊಳ್ಳಿ. ಒಂದು ರನ್ನಿಗೆ 0.08 ಯೂನಿಟ್. ಹಗಲು 14 ರನ್, ರಾತ್ರಿ ಎರಡು ತಾಸು, ಸೇರಿ ದಿನಕ್ಕೆ 11 ತಾಸಿನ ಮೇಲೆ ಓಡುತ್ತದೆ, 1.36 ಯೂನಿಟ್. ಉಳಿದ 12-13 ತಾಸು ಸುಮ್ಮನೆ ಕೂತು 0.57. ಒಟ್ಟು 1.9 ಚಿಲ್ಲರೆ. ರಜೆ ದಿನ ಬಿಟ್ಟು ತಿಂಗಳಿಗೆ 55ರ ಹತ್ತಿರ ಬರುತ್ತದೆ. ನಿಮ್ಮ ಬಿಲ್ ಏರಿದ್ದು 58. ಅಂದರೆ ಕಳ್ಳ ಸಿಕ್ಕ ಹಾಗೇ, ಬೇರೆಲ್ಲೂ ಹುಡುಕಬೇಡಿ.

ಕೆಲಸವೇ ಇಲ್ಲದ ಹೊತ್ತಿಗೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಗುತ್ತಿದೆ ನೋಡಿ. ರಾತ್ರಿ ಕೆಲಸ ಇಲ್ಲದ ಹೊತ್ತಿನಲ್ಲಿ ಯಂತ್ರವನ್ನು ಮಲಗಿಸಿ, ಕೆಲಸದ ಹೊತ್ತಿಗೆ ತಾನೇ ಏಳುವಂತೆ ಆರ್‌ಟಿಸಿ ವೇಕ್ (ಯಂತ್ರದೊಳಗಿನ ಗಡಿಯಾರದ ಅಲಾರಂ) ಇಡಿ. ಅರ್ಧ ತಾಸಿನ ಕೆಲಸ.

ಉದ್ಯಮಬಾಗ_ಇಆರ್‌ಪಿ:

ನಾನು ಇಲ್ಲೇ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕರೆಂಟ್ ಅಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಇಂಡಕ್ಷನ್ ಫರ್ನೇಸ್‌ನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ನಿಮ್ಮ ತಿಂಗಳ 55 ಯೂನಿಟ್ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹಾಗಾಗಿ ಭಯ ಬಿದ್ದು ಟೆಸ್ಟ್ ಕಡಿಮೆ ಮಾಡಬೇಡಿ ಅಂತ ಮೊದಲೇ ಹೇಳುತ್ತೇನೆ.

ನಿಮ್ಮ ಸಾಫ್ಟ್‌ವೇರ್ ಕಾಟಾದ ಮೇಲೆ ಓಡುವುದು. ಹಂಗಾಮಿನಲ್ಲಿ ಫ್ಯಾಕ್ಟರಿ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ಎಷ್ಟು ಉದ್ದ ಇರುತ್ತದೆ ಅಂತ ನೋಡಿದ್ದೀರಿ. ತೂಕದ ಸ್ಕ್ರೀನ್ ಒಂದು ತಾಸು ನಿಂತರೆ ಆ ಸಾಲು ಮುಂದೆ ಹೋಗುವುದಿಲ್ಲ. ಎಂಜಿನ್ ಆರಿಸದೆ ನಿಂತ ಗಾಡಿಗಳ ಡೀಸೆಲ್, ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುವ ಕಬ್ಬು, ಇದನ್ನೆಲ್ಲ ಯಾವ ಮೀಟರೂ ತೋರಿಸುವುದಿಲ್ಲ. ಒಂದು ಬಗ್ ತಪ್ಪಿಸಿಕೊಂಡು ಹೋದರೆ ನೀವು ವರ್ಷವಿಡೀ ಉಳಿಸಿದ ಕರೆಂಟ್ ಒಂದೇ ದಿನ ಹೊರಟುಹೋಗುತ್ತದೆ.

ಆದರೂ ನಮ್ಮ ಫೌಂಡ್ರಿಯ ಒಂದು ಪದ್ಧತಿ ಹೇಳಬೇಕು. ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವ ಮೊದಲು ಚಿಕ್ಕ ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋಮೀಟರ್‌ಗೆ ಇಡುತ್ತಾರೆ. ಇಂಗಾಲ, ಸಿಲಿಕಾನ್ ಸರಿ ಇದ್ದರೆ ಮಾತ್ರ ಸುರಿಯುವುದು. ಸುರಿದು, ತಣ್ಣಗಾಗಿಸಿ, ಆಮೇಲೆ ಸರಿಯಿಲ್ಲ ಅಂತ ಮತ್ತೆ ಫರ್ನೇಸಿಗೆ ಹಾಕಿದರೆ 600 ಯೂನಿಟ್ ಎರಡನೇ ಸಲ. ನಿಮ್ಮಲ್ಲಿ ಪುಶ್ ಮಾಡಿದ ತಕ್ಷಣ 260 ಬ್ರೌಸರ್ ಟೆಸ್ಟ್ ಓಡುವುದು ನನಗೆ ನೇರವಾಗಿ ಅಚ್ಚಿಗೆ ಸುರಿದ ಹಾಗೆ ಕಾಣುತ್ತದೆ. ಮೊದಲು ಸಣ್ಣ ಟೆಸ್ಟ್ ಓಡಲಿ. ಅಲ್ಲೇ ಫೇಲ್ ಆದರೆ ಅಲ್ಲೇ ನಿಲ್ಲಲಿ.

ವಿದ್ಯಾಗಿರಿ_ಬಾಗಲಕೋಟೆ:

ಮೇಲಿನ ಇಬ್ಬರ ಮಾತೂ ಸರಿ. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಈಗ ಬಾಗಲಕೋಟೆಯ ಮನೆಯಿಂದಲೇ ಮಾಡುತ್ತಿದ್ದೇನೆ. ಟೆಸ್ಟ್ ಬೇರೆ, ರನ್ ಬೇರೆ. ಟೆಸ್ಟ್‌ಗಳನ್ನು ಮುಟ್ಟಬೇಡಿ. ಯಾರೂ ಫಲಿತಾಂಶ ನೋಡದ ರನ್‌ಗಳನ್ನು ಹುಡುಕಿ. ಅವು ನಿಮ್ಮಲ್ಲಿ ಖಂಡಿತ ಇವೆ.

ಒಂದು ಸಣ್ಣ ಉದಾಹರಣೆ. ನಿಮ್ಮ ತಂಡದವರೊಬ್ಬರು 11 ಗಂಟೆಗೆ ಪುಶ್ ಮಾಡುತ್ತಾರೆ. ಒಂದು ಅಕ್ಷರ ತಪ್ಪಿದೆ ಅಂತ 11:06ಕ್ಕೆ ಮತ್ತೆ ಪುಶ್. 11:15ಕ್ಕೆ ಇನ್ನೊಂದು. ಮೊದಲ ಎರಡರ ಫಲಿತಾಂಶ ಇನ್ನು ಯಾರಿಗೂ ಬೇಡ, ಆದರೂ ಸಾಲಿನಲ್ಲಿ ನಿಂತು ತಲಾ 40 ನಿಮಿಷ ಓಡುತ್ತವೆ. ಮೂರನೆಯದು ಕಾಯುತ್ತಾ ಕೂರುತ್ತದೆ. ಅದೇ ಬ್ರಾಂಚ್‌ಗೆ (ಕೋಡಿನ ಅದೇ ಕವಲಿಗೆ) ಹೊಸ ಪುಶ್ ಬಂದರೆ ಹಳೆಯದನ್ನು ರದ್ದು ಮಾಡು ಅಂತ ಹೇಳುವ ಸೆಟ್ಟಿಂಗ್ ಟೆಸ್ಟ್ ಓಡಿಸುವ ವ್ಯವಸ್ಥೆಗಳಾದ ಗಿಟ್‌ಹಬ್ ಆಕ್ಷನ್ಸ್, ಜೆಂಕಿನ್ಸ್, ಗಿಟ್‌ಲ್ಯಾಬ್ ಎಲ್ಲದರಲ್ಲೂ ಇದೆ. ಎರಡು ಸಾಲು ಬರೆದರೆ ಆಯಿತು. ಇದು ಮಾಡಲು ಯಾವ ಲೀಡ್ ಕೂಡ ಬೇಡ ಅನ್ನುವುದಿಲ್ಲ.

ಇನ್ನು ರಿಟ್ರೈ. ನೀವು ಹೇಳಿಲ್ಲ, ಆದರೆ ಬ್ರೌಸರ್ ಟೆಸ್ಟ್ ಫೇಲ್ ಆದರೆ ಮೂರು ಸಲ ಓಡಿಸು ಅಂತ ಇಟ್ಟಿರುತ್ತೀರಿ ಅಲ್ವಾ? ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಫ್ಲೇಕಿ ಟೆಸ್ಟ್‌ಗಳು ಎಲ್ಲರ ಮನೆಯಲ್ಲೂ ಇವೆ. ಗೂಗಲ್ 2016ರಲ್ಲಿ ತನ್ನದೇ ಲೆಕ್ಕ ಹೊರಗಿಟ್ಟಿತ್ತು. ಅವರ ಟೆಸ್ಟ್‌ಗಳಲ್ಲಿ ಸುಮಾರು ಶೇ. 16ರಷ್ಟರಲ್ಲಿ ಸ್ವಲ್ಪವಾದರೂ ಈ ಚಾಳಿ ಇತ್ತು, ಎಲ್ಲ ರನ್‌ಗಳಲ್ಲಿ ಶೇ. 1.5ರಷ್ಟು ಫ್ಲೇಕಿ ಫಲಿತಾಂಶ ಕೊಡುತ್ತಿದ್ದವು. ಅಷ್ಟು ದೊಡ್ಡವರಿಗೇ ಹೀಗಿರುವಾಗ ನಾವು ಮುಚ್ಚಿಡಬೇಕಾಗಿಲ್ಲ. ಆದರೆ ರಿಟ್ರೈ ಇಟ್ಟು ಮರೆತರೆ ಕರೆಂಟ್ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಟೆಸ್ಟ್ ಕೆಂಪಾದರೂ ಜನ "ಮತ್ತೊಮ್ಮೆ ಓಡಿಸು, ಸರಿಹೋಗುತ್ತದೆ" ಅನ್ನಲು ಶುರು ಮಾಡುತ್ತಾರೆ. ಅಲ್ಲಿಗೆ ಟೆಸ್ಟ್ ಸತ್ತ ಹಾಗೆ. ವಾರಕ್ಕೆ ಎರಡು ಫ್ಲೇಕಿ ಟೆಸ್ಟ್ ಹಿಡಿದು ಕೂತು ಸರಿ ಮಾಡಿ. ಬಹಳ ಕಡೆ ಕಾರಣ ಒಂದೇ, "5 ಸೆಕೆಂಡ್ ಕಾಯಿ" ಅಂತ ಬರೆದ ಸಾಲು. ಅದನ್ನು ತೆಗೆದು ಬಟನ್ ಕಾಣುವ ತನಕ ಕಾಯಿ ಅಂತ ಬರೆಯಿರಿ. ಬಟನ್ ಅರ್ಧ ಸೆಕೆಂಡಿಗೆ ಬಂದರೆ ನಾಲ್ಕೂವರೆ ಸೆಕೆಂಡ್ ಉಳಿಯಿತು. ಹೀಗೆ 260 ಟೆಸ್ಟ್‌ನಲ್ಲಿ ಎಷ್ಟು ಆಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ವಿಡಿಯೋ ರೆಕಾರ್ಡಿಂಗ್ ಎಲ್ಲ ಟೆಸ್ಟ್‌ಗೂ ಆನ್ ಇದೆಯಾ ನೋಡಿ. ಫೇಲ್ ಆದದ್ದನ್ನು ಮಾತ್ರ ಇಟ್ಟುಕೊಂಡರೆ ಡಿಸ್ಕ್ ಉಳಿಯುತ್ತದೆ, ಆದರೆ ರೆಕಾರ್ಡ್ ಮಾಡುವ ಕೆಲಸ ಪ್ರೊಸೆಸರ್‌ಗೆ ತಪ್ಪುವುದಿಲ್ಲ. ಮೊದಲ ರಿಟ್ರೈ ಆಗುವಾಗ ಮಾತ್ರ ಶುರು ಮಾಡು ಅಂತ ಬ್ರೌಸರ್ ಟೆಸ್ಟ್ ಸಾಧನವಾದ ಪ್ಲೇರೈಟ್‌ನಲ್ಲಿ ಹೇಳಬಹುದು. ಹಾಗೇ ಪ್ರತಿ ರನ್ನಿಗೂ ಕ್ರೋಮಿಯಂ, ಫೈರ್‌ಫಾಕ್ಸ್ ಹೊಸದಾಗಿ ಡೌನ್‌ಲೋಡ್ ಆಗುತ್ತಿದ್ದರೆ ಅದನ್ನೂ ನಿಲ್ಲಿಸಿ, ಒಮ್ಮೆ ಇಳಿಸಿ ಇಟ್ಟುಕೊಳ್ಳಿ.

ದೊಡ್ಡ ಕೆಲಸ ಕೊನೆಯದು. ರೈತರ ಬಿಲ್‌ನ ಗಣಿತವನ್ನು ಬ್ರೌಸರ್ ತೆರೆದು ಏಕೆ ನೋಡುತ್ತೀರಿ? ಟನ್ನಿಗೆ ಇಷ್ಟು, ಕಟಾವಿಗೆ ಇಷ್ಟು ಕಡಿತ, ಮುಂಗಡ ಇಷ್ಟು, ಉಳಿದದ್ದು ಇಷ್ಟು. ಇದು ಬರೀ ಲೆಕ್ಕ. ಲಾಗಿನ್ ಆಗಿ, ಫಾರಂ ತುಂಬಿ, ಸೇವ್ ಒತ್ತಿ, ಸ್ಕ್ರೀನ್ ಮೇಲಿನ ಸಂಖ್ಯೆ ಓದಲು ಒಂಬತ್ತು-ಹತ್ತು ಸೆಕೆಂಡ್ ಬೇಕು, ಅದೇ ಲೆಕ್ಕವನ್ನು ಯೂನಿಟ್ ಟೆಸ್ಟ್‌ನಲ್ಲಿ (ಕರೆಂಟಿನ ಯೂನಿಟ್ ಅಲ್ಲ, ಕೋಡಿನ ಒಂದು ಸಣ್ಣ ತುಂಡನ್ನು ಮಾತ್ರ ನೋಡುವ ಟೆಸ್ಟ್) ಕೇಳಿದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಸ್ಕ್ರೀನ್‌ಗೆ ನಾಲ್ಕೈದು ಬ್ರೌಸರ್ ಟೆಸ್ಟ್ ಇರಲಿ, ಉಳಿದ ಲೆಕ್ಕವನ್ನೆಲ್ಲ ಕೆಳಗೆ, ಯೂನಿಟ್ ಟೆಸ್ಟ್‌ಗೆ ಇಳಿಸಿ.

ಬದಲಾದ ಫೈಲ್ ನೋಡಿ ಅದಕ್ಕೆ ಸಂಬಂಧಪಟ್ಟ ಟೆಸ್ಟ್ ಮಾತ್ರ ಓಡಿಸುವ ದಾರಿಯೂ ಇದೆ. ಟೆಸ್ಟ್ ಸಾಧನಗಳಾದ ಜೆಸ್ಟ್‌ನಲ್ಲಿ, ಪೈಟೆಸ್ಟ್‌ನ ಟೆಸ್ಟ್‌ಮಾನ್ ಪ್ಲಗಿನ್‌ನಲ್ಲಿ ಸಿಗುತ್ತದೆ. ಇಲ್ಲಿ ಮಾತ್ರ ಹುಷಾರಾಗಿರಿ. ಡೇಟಾಬೇಸ್ ಬದಲಾವಣೆ, ಕಾನ್ಫಿಗ್ ಫೈಲ್ ಇಂಥವು ಆ ಜಾಲಕ್ಕೆ ಸಿಗುವುದಿಲ್ಲ. ಅವನ್ನು ಮುಟ್ಟಿದಾಗ ಎಲ್ಲವೂ ಓಡಲಿ. ಮರ್ಜ್ ಆಗುವ, ಅಂದರೆ ಬದಲಾವಣೆ ಮುಖ್ಯ ಕೋಡಿಗೆ ಸೇರುವ ಮುಂಚೆ ಒಮ್ಮೆ ಎಲ್ಲವೂ ಓಡಲಿ. ಕಾರ್ಖಾನೆಗೆ ಕಳಿಸುವ ಮುಂಚೆ ಅಂತೂ ಓಡಲೇಬೇಕು.

ಅಥಣಿ_ಕಡೆಯವಳು:

ನಾನು ಟೆಸ್ಟಿಂಗ್‌ನವಳಲ್ಲ, ಒಂದು ಮಾತು ಹೇಳಿ ಹೋಗುತ್ತೇನೆ. ಅದು ಮನೆಯ ಕನೆಕ್ಷನ್. ಗೃಹಜ್ಯೋತಿ ಮನೆ ಬಳಕೆಗೆ ಇರುವುದು. ಕಂಪನಿಯ ಯಂತ್ರ ನಿಮ್ಮ ಅಪ್ಪನ ಮೀಟರ್ ಮೇಲೆ ಓಡುವುದು ಸರಿಯಲ್ಲ, 199 ಯೂನಿಟ್ ಬಂದಿದ್ದರೂ ಸರಿಯಲ್ಲ. ಈ ತಿಂಗಳ ಬಿಲ್ ಕಂಪನಿಯಿಂದ ಕೇಳಿ ತೆಗೆದುಕೊಳ್ಳಿ, ಸಂಕೋಚ ಪಡಬೇಡಿ ಅಕ್ಕ.

ಟಿಳಕವಾಡಿ_ಟೆಸ್ಟರ್:

ಎಲ್ಲರಿಗೂ ಬಹಳ ಥ್ಯಾಂಕ್ಸ್. ಅಥಣಿಯವರು ಹೇಳಿದ್ದು ಓದಿ ಅವತ್ತೇ ಲೀಡ್‌ಗೆ ಫೋನ್ ಮಾಡಿದೆ. ಬಿಲ್ ಕಂಪನಿಯೇ ಕೊಡುತ್ತದೆ.

ಕ್ಲೌಡ್‌ಗೇ ವಾಪಸ್ ಹೋದರೆ ಕರೆಂಟ್ ಉಳಿಯುತ್ತದಾ? ಲೀಡ್ ಈಗ ದುಡ್ಡು ಕೊಡಲು ಸಿದ್ಧ ಇದ್ದಾರೆ.

ವಿಜಯಪುರ_ಲಿನಕ್ಸ್:

ಸ್ವಲ್ಪ ಉಳಿಯಬಹುದು. ಆಗಿನ ಸರ್ವರ್ ಏನೂ ಕೆಲಸ ಮಾಡದಿದ್ದರೂ ಪೂರ್ತಿ ಕೆಲಸದ ಅರ್ಧದಷ್ಟು ಕರೆಂಟ್ ತಿನ್ನುತ್ತಿತ್ತು ಅಂತ ಗೂಗಲ್‌ನ ಬರೋಸೊ ಮತ್ತು ಹೋಲ್ಜ್ಲೆ 2007ರಲ್ಲೇ ಬರೆದಿದ್ದರು. ಕ್ಲೌಡ್‌ನಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವುದರಿಂದ ಆ ಖಾಲಿ ಹೊತ್ತು ಕಡಿಮೆ. ಆದರೆ ಅಲ್ಲಿ ನಿಮಗೆ ನಿಮಿಷದ ಲೆಕ್ಕ ಸಿಗುತ್ತದೆ, ಯೂನಿಟ್ ಲೆಕ್ಕ ಸಿಗುವುದಿಲ್ಲ. ಬೇಡದ ರನ್ ಅಲ್ಲೂ ಬೇಡದ್ದೇ. ಮನೆಯಲ್ಲಾದರೆ ಮೀಟರ್ ಹಾಕಿ ಅಳೆಯಬಹುದು, ಮೊದಲು ಇಲ್ಲೇ ಸರಿ ಮಾಡಿಕೊಳ್ಳಿ.

ಇನ್ನೊಂದು. ರಾತ್ರಿ 2 ಗಂಟೆಯ ರನ್ ಬಗ್ಗೆ ಯೋಚಿಸಿ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಅದೂ ನದಿಗೆ ನೀರು ಬಿಟ್ಟಾಗ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ರಾತ್ರಿ ಏನೂ ಕೊಡುವುದಿಲ್ಲ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಮಧ್ಯಾಹ್ನ ಬಿಸಿಲಿದ್ದಾಗ ಅದು ಕಡಿಮೆ ಇರುತ್ತದೆ. ಆ ಎರಡು ತಾಸಿನ ಕೆಲಸ ಮಧ್ಯಾಹ್ನ ಊಟದ ಹೊತ್ತಿಗೆ ಮಾಡಲು ಏನು ಅಡ್ಡಿ?

ಟಿಳಕವಾಡಿ_ಟೆಸ್ಟರ್:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಪ್ಲಗ್ ಮೀಟರ್ ತಂದೆ. ಓಡುವಾಗ 118, ಸುಮ್ಮನಿದ್ದಾಗ 47. ವಿಜಯಪುರದವರ ಅಂದಾಜು ಎಷ್ಟು ಹತ್ತಿರ ಇತ್ತು ನೋಡಿ!

ರಾತ್ರಿಯ ರನ್‌ಗಳ ಹಳೆಯ ಲಾಗ್ ತೆಗೆದು ನೋಡಿದೆ. 60 ರಾತ್ರಿಗಳಲ್ಲಿ 19 ರಾತ್ರಿ ಹಿಂದಿನ ರನ್ ಆದಮೇಲೆ ಒಂದೂ ಹೊಸ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಇರಲಿಲ್ಲ. ಅದೇ ಕೋಡ್, ಅದೇ ಟೆಸ್ಟ್, ಅದೇ ಉತ್ತರ. ಶನಿವಾರ, ಭಾನುವಾರ, ಹಬ್ಬ. ಆ ಕೆಲಸ ಯಾರೂ ಕೇಳಿರಲಿಲ್ಲ, ಯಾರೂ ನೋಡಿಯೂ ಇರಲಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು, ಹೇಳಲು ಮನಸ್ಸು ಬರಲಿಲ್ಲ.

ಈಗ ಆ ರನ್ ಮಧ್ಯಾಹ್ನ 1 ಗಂಟೆಗೆ, ಹೊಸ ಕಮಿಟ್ ಇದ್ದರೆ ಮಾತ್ರ. ಹಳೆಯ ಪುಶ್ ರದ್ದಾಗುವ ಸೆಟ್ಟಿಂಗ್ ಹಾಕಿದೆ, ಪೂರ್ತಿ ಓಡುವ ರನ್ 14ರಿಂದ 9ಕ್ಕೆ ಇಳಿಯಿತು. ವಿಡಿಯೋ ತೆಗೆದೆ. 5 ಸೆಕೆಂಡ್ ಕಾಯುವ ಸಾಲು 83 ಕಡೆ ಸಿಕ್ಕಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೇ ಬರೆದದ್ದು. ಎಲ್ಲ ಸರಿ ಮಾಡಿದ ಮೇಲೆ 40 ನಿಮಿಷ ಇದ್ದದ್ದು 31ಕ್ಕೆ ಬಂದಿದೆ. ರಾತ್ರಿ 9ರಿಂದ ಬೆಳಿಗ್ಗೆ 8ರ ತನಕ ಯಂತ್ರ ಮಲಗಿರುತ್ತದೆ. ದಿನಕ್ಕೆ 1.9 ಯೂನಿಟ್ ಇದ್ದದ್ದು 1.1 ಆಗಿದೆ. ಟೆಸ್ಟ್‌ಗಳು 1,400 ಹಾಗೇ ಇವೆ, ಒಂದನ್ನೂ ತೆಗೆದಿಲ್ಲ.

ಬಿಲ್ ಲೆಕ್ಕದ ಟೆಸ್ಟ್‌ಗಳನ್ನು ಕೆಳಗೆ ಇಳಿಸುವುದು ಇನ್ನೂ ಶುರು ಮಾಡಿಲ್ಲ. ಹಂಗಾಮು ಮುಗಿದ ಮೇಲೆ ಮಾಡೋಣ ಅಂತ ಲೀಡ್ ಹೇಳಿದರು, ಉದ್ಯಮಬಾಗದವರ ಮಾತು ನೆನಪಾಗಿ ನಾನೂ ಒಪ್ಪಿದೆ.

ವಿದ್ಯಾಗಿರಿ_ಬಾಗಲಕೋಟೆ:

ಬಹಳ ಖುಷಿಯಾಯಿತು. ಇನ್ನು ಮುಂದೆ ದಿನದ ಲೆಕ್ಕದ ಜೊತೆ ಒಂದು ಮರ್ಜ್‌ಗೆ ಎಷ್ಟು ಯೂನಿಟ್ ಅಂತಲೂ ಇಟ್ಟುಕೊಳ್ಳಿ. ಗ್ರೀನ್ ಸಾಫ್ಟ್‌ವೇರ್ ಫೌಂಡೇಶನ್‌ನವರ ಎಸ್‌ಸಿಐ ಅಳತೆ (ಸಾಫ್ಟ್‌ವೇರಿನ ಒಂದೊಂದು ಕೆಲಸಕ್ಕೆ ಎಷ್ಟು ಇಂಗಾಲ ಅನ್ನುವ ಲೆಕ್ಕ) ಇದೇ ತರಹದ್ದು, 2024ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. ತಂಡ ಬೆಳೆದು ಕೆಲಸ ಜಾಸ್ತಿ ಆದಾಗ ದಿನದ ಯೂನಿಟ್ ಏರುವುದು ಸಹಜ. ಒಂದು ಮರ್ಜ್‌ಗೆ ಹೋಗುವುದು ಏರಿದರೆ ಮಾತ್ರ ಏನೋ ಕೆಟ್ಟಿದೆ ಅಂತ ಅರ್ಥ.

ಒಂದು ಕೇಳಬೇಕಿತ್ತು. ರಾತ್ರಿ ರನ್ನಿಗೋಸ್ಕರ ತಾನೇ ಯಂತ್ರ ಮನೆಗೆ ತಂದದ್ದು? ಈಗ ರಾತ್ರಿ ರನ್ನೇ ಇಲ್ಲವಲ್ಲ.

ಟಿಳಕವಾಡಿ_ಟೆಸ್ಟರ್:

ಅಯ್ಯೋ, ಹೌದಲ್ಲ! ಇದು ನನಗೆ ಹೊಳೆದೇ ಇರಲಿಲ್ಲ.

ದಿನಕ್ಕೆ ಐದು ಮರ್ಜ್ ಅಂತ ಹಿಡಿದರೆ ಒಂದಕ್ಕೆ 0.39 ಇದ್ದದ್ದು 0.22 ಆಗಿದೆ, ಇದನ್ನೂ ಬರೆದಿಟ್ಟುಕೊಂಡೆ. ನಾಳೆ ಬೆಳಿಗ್ಗೆ ಡೆಸ್ಕ್‌ಟಾಪ್ ಗಾಡಿಯ ಹಿಂದೆ ಕಟ್ಟಿಕೊಂಡು ಆಫೀಸಿಗೆ ಒಯ್ಯುತ್ತೇನೆ. ಪ್ಲಗ್ ಮೀಟರ್ ಮಾತ್ರ ಮನೆಯಲ್ಲೇ ಇರಲಿ ಅಂತ ಅಪ್ಪ ಹೇಳಿದ್ದಾರೆ. ಫ್ರಿಜ್‌ಗೆ ಹಾಕಿ ನೋಡಬೇಕಂತೆ.